ಹಾಸಿಗೆ ಕೊಂಡವನಿಗೆ ಹತ್ತು ದಿನ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತದೆ ಗಾದೆ. ವರಮಾನ ನೋಡಿಕೊಂಡು ಖರ್ಚು ಮಾಡು ಎಂಬುದು ಅದರ ತಾತ್ಪರ್ಯ. ಆದರೆ ವರಮಾನ ನೋಡಿಕೊಂಡೇ ಖರ್ಚು ಮಾಡಿ, ಕಾಲು ಚಾಚುವಷ್ಟು ಉದ್ದದ ಹಾಸಿಗೆಯನ್ನೇ ತಂದ ಮೇಲೂ ನಿದ್ದೆ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿದಾಗ ಮೆತ್ತಗಿದ್ದದ್ದು ಮೂರನೆಯ ರಾತ್ರಿಯ ಹೊತ್ತಿಗೆ ಸೊಂಟ ಹಿಡಿಸಬಹುದು. ಗಟ್ಟಿಯಾಗಿದ್ದರೆ ಒಳ್ಳೆಯದೆಂದು ತಂದದ್ದು ಕಲ್ಲುಚಪ್ಪಡಿಯಂತೆ ಒತ್ತಬಹುದು. ಹರಿದಿಲ್ಲ, ಮುರಿದಿಲ್ಲ, ಅಳತೆಯಲ್ಲಿ ಕಡಿಮೆಯಿಲ್ಲ. ಮಲಗಲು ಮಾತ್ರ ಹಿತವಾಗಿಲ್ಲ. ಅಂಗಡಿಗೆ ಹೋಗಿ ಕೇಳಿದರೆ ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಸಾಲಿನತ್ತ ಬೆರಳು ತೋರಿಸುತ್ತಾರೆ: ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಇದು ಮನೆಮನೆಯ ಸಣ್ಣ ಸಂಕಟವೆಂದು ತಳ್ಳಿಹಾಕುವಂತಿಲ್ಲ. ಇಂಥದ್ದೇ ಒಂದು ಹಾಸಿಗೆಯ ಜಗಳ ಯುರೋಪಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿದೆ. 2014ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ಗ್ರಾಹಕರೊಬ್ಬರು ಅಂತರ್ಜಾಲದ ಅಂಗಡಿಯೊಂದರಿಂದ ಸುಮಾರು 1,094 ಯೂರೋ ಬೆಲೆಯ ಹಾಸಿಗೆಯನ್ನು ತರಿಸಿಕೊಂಡರು. ಅದರ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದರು. ಆಮೇಲೆ ಬೇಡವೆನಿಸಿ, ಹಿಂದಕ್ಕೆ ಒಯ್ಯಿರಿ ಎಂದು ಬರೆದರು. ಹೊದಿಕೆ ತೆಗೆದ ಹಾಸಿಗೆಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ, ಅದು ಆರೋಗ್ಯದ ಪ್ರಶ್ನೆ ಎಂದು ಅಂಗಡಿಯವರು ವಾದಿಸಿದರು. ಗ್ರಾಹಕರು ತಮ್ಮದೇ ಖರ್ಚಿನಲ್ಲಿ ಹಾಸಿಗೆಯನ್ನು ವಾಪಸು ಕಳಿಸಿ, ಬೆಲೆ ಮತ್ತು ಸಾಗಣೆಯ ವೆಚ್ಚಕ್ಕಾಗಿ ದಾವೆ ಹೂಡಿದರು. ಅದು ಮೈಂಝ್ ನಗರದ ಕೆಳ ನ್ಯಾಯಾಲಯದಿಂದ ಜರ್ಮನಿಯ ಸರ್ವೋಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಏರಿತು.

ಆ ನ್ಯಾಯಾಲಯ ಏನು ಹೇಳಿತೆಂಬುದನ್ನು ನೋಡುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಕೊಂಡ ವಸ್ತು ಒಗ್ಗದಿದ್ದರೆ ಹಿಂದಿರುಗಿಸಬಹುದೇ, ಎಷ್ಟು ದಿನದೊಳಗೆ, ಆ ನಷ್ಟ ಯಾರದು ಎಂಬ ಪ್ರಶ್ನೆಗಳು ಯುರೋಪಿನಲ್ಲಿ ಹುಟ್ಟಿದವೂ ಅಲ್ಲ, ನಿನ್ನೆ ಮೊನ್ನೆಯವೂ ಅಲ್ಲ. ಹಾಸಿಗೆಯ ಹೆಸರನ್ನೇ ಎತ್ತಿ ಈ ಪ್ರಶ್ನೆಗೆ ಉತ್ತರ ಕೊಟ್ಟ ಗ್ರಂಥವೊಂದು ಒಂಬತ್ತು ಶತಮಾನಗಳ ಹಿಂದೆ ಕರ್ನಾಟಕದಲ್ಲೇ ರಚಿತವಾಗಿದೆ.

ಕ್ರೀತಾನುಶಯ

ಪ್ರಾಚೀನ ಧರ್ಮಶಾಸ್ತ್ರಕಾರರು ವ್ಯಾಜ್ಯಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದರು. ಸಾಲ, ಅಡವು, ಗಡಿ, ಕೂಲಿ ಮೊದಲಾದ ವಿವಾದಗಳ ಜೊತೆಗೆ ‘ಕ್ರೀತಾನುಶಯ’ ಎಂಬುದೂ ಒಂದು. ಕ್ರೀತ ಎಂದರೆ ಕೊಂಡದ್ದು, ಅನುಶಯ ಎಂದರೆ ಪಶ್ಚಾತ್ತಾಪ. ಕೊಂಡ ಮೇಲೆ ‘ಅಯ್ಯೋ, ಬೇಡವಾಗಿತ್ತು’ ಎನಿಸುವುದು ಮನುಷ್ಯಸಹಜವೆಂದೂ ಅದಕ್ಕೊಂದು ನಿಯಮ ಬೇಕೆಂದೂ ಅವರು ಭಾವಿಸಿದ್ದರು ಎಂಬುದು ಈ ಹೆಸರಿನಿಂದಲೇ ತಿಳಿಯುತ್ತದೆ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಓಲೆಯ ಪ್ರತಿ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಮಾರಿದ ಮೇಲೆ ಸರಕನ್ನು ಕೊಡದವನಿಗೆ 12 ಪಣ ದಂಡ. ಕೊಂಡ ಮೇಲೆ ತೆಗೆದುಕೊಳ್ಳದವನಿಗೂ ಅಷ್ಟೇ ದಂಡ. ಆದರೆ ಸರಕಿನಲ್ಲಿ ದೋಷವಿದ್ದರೆ ಇಬ್ಬರಿಗೂ ವಿನಾಯಿತಿ. ಮನಸ್ಸು ಬದಲಿಸಲು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿಗಳ ಅವಕಾಶ. ದಿನವೂ ಕೊಡುವ-ಕೊಳ್ಳುವ ಕೆಲಸ ಮಾಡುವ ವರ್ತಕನಿಗೆ ಸರಕಿನ ಗುಣ ಬೇಗ ತಿಳಿಯುತ್ತದೆ, ಅಪರೂಪಕ್ಕೆ ಕೊಳ್ಳುವ ರೈತನಿಗೆ ತಡವಾಗಿ ತಿಳಿಯುತ್ತದೆ ಎಂಬ ತಿಳಿವಳಿಕೆ ಈ ಲೆಕ್ಕದ ಹಿಂದೆ ಇದ್ದಂತಿದೆ.

ಮನುಸ್ಮೃತಿ ಇನ್ನೂ ಸರಳ. ಕೊಂಡವನಿಗಾಗಲಿ ಮಾರಿದವನಿಗಾಗಲಿ ಪಶ್ಚಾತ್ತಾಪವಾದರೆ ಹತ್ತು ದಿನದೊಳಗೆ ಕೊಟ್ಟುಬಿಡಬಹುದು ಅಥವಾ ಹಿಂದಕ್ಕೆ ಪಡೆಯಬಹುದು ಎಂದು ಅದು ಹೇಳುತ್ತದೆ. ನಾರದಸ್ಮೃತಿಯದು ವ್ಯಾಪಾರಿಯ ಕಷ್ಟವನ್ನೂ ನೋಡಿದ ಲೆಕ್ಕ. ಕೊಂಡ ದಿನವೇ, ಕೆಡದ ಸ್ಥಿತಿಯಲ್ಲಿ ಹಿಂದಿರುಗಿಸಿದರೆ ಪೂರ್ತಿ ಹಣ ವಾಪಸು. ಎರಡನೆಯ ದಿನವಾದರೆ ಬೆಲೆಯ ಮೂವತ್ತನೇ ಒಂದು ಭಾಗ ಮುರಿದುಕೊಳ್ಳಬೇಕು, ಮೂರನೆಯ ದಿನ ಅದರ ಎರಡರಷ್ಟು. ಆ ಮೇಲೆ ಸರಕು ಕೊಂಡವನದೇ. ಬಳಸಿದ ಬಟ್ಟೆಗೂ ಅಲ್ಲಿ ಲೆಕ್ಕವಿದೆ. ಒಮ್ಮೆ ಒಗೆದ ಬಟ್ಟೆಯ ಬೆಲೆಯಲ್ಲಿ ಎಂಟನೇ ಒಂದು ಭಾಗ ಇಳಿಯುತ್ತದೆ, ಎರಡು ಸಲ ಒಗೆದರೆ ಕಾಲು ಭಾಗ, ನಾಲ್ಕು ಸಲವಾದರೆ ಅರ್ಧ.

ಯಾಜ್ಞವಲ್ಕ್ಯಸ್ಮೃತಿ ಕೊಂಡವನು ಯಾರು ಎಂದು ನೋಡುವುದಿಲ್ಲ, ಕೊಂಡದ್ದು ಏನು ಎಂದು ನೋಡುತ್ತದೆ. ಕಬ್ಬಿಣವನ್ನು ಪರೀಕ್ಷಿಸಲು ಒಂದು ದಿನ, ಹಾಲು ಕರೆಯುವ ಹಸುವಿಗೆ ಮೂರು ದಿನ, ಹೊರೆ ಹೊರುವ ಎತ್ತಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬಿತ್ತನೆ ಬೀಜಕ್ಕೆ ಹತ್ತು ದಿನ. ಬೀಜ ಮೊಳೆಯುವುದೋ ಇಲ್ಲವೋ ತಿಳಿಯಲು ಅಷ್ಟು ದಿನ ಬೇಕು. ಹಸು ಮಾರುವವನು ಹೇಳಿದಷ್ಟು ಹಾಲು ಕೊಡುತ್ತದೆಯೇ ಎಂದು ಮೂರು ದಿನ ಕರೆದರೆ ತಿಳಿಯುತ್ತದೆ. ವಸ್ತುವಿನ ನಿಜಗುಣ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲಾವಕಾಶ ಕೊಳ್ಳುವವನಿಗೆ ಸಿಗಬೇಕು ಎಂಬುದು ಇದರ ಸಾರ.

ಕಲ್ಯಾಣದ ಹಾಸಿಗೆ

ಈ ಯಾಜ್ಞವಲ್ಕ್ಯಸ್ಮೃತಿಗೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸ್ಮೃತಿಕಾರರ ಮಾತುಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಅವುಗಳನ್ನು ಹೊಂದಿಸುವುದು ವ್ಯಾಖ್ಯಾನಕಾರನ ಕೆಲಸ. ಯಾಜ್ಞವಲ್ಕ್ಯ ವಸ್ತುವಿಗೊಂದು ಅವಧಿ ಹೇಳುತ್ತಾನೆ, ಮನು ಎಲ್ಲಕ್ಕೂ ಹತ್ತು ದಿನ ಎನ್ನುತ್ತಾನೆ. ಇದನ್ನು ಹೊಂದಿಸುವುದು ಹೇಗೆ?

ಯಾಜ್ಞವಲ್ಕ್ಯನ ಪಟ್ಟಿಯಲ್ಲಿರುವ ಕಬ್ಬಿಣ ಮೊದಲಾದವುಗಳನ್ನು ಬಿಟ್ಟು, ಬಳಸಿದ ಮಾತ್ರಕ್ಕೆ ನಾಶವಾಗದ ವಸ್ತುಗಳಿಗೆ ಮನುವಿನ ಹತ್ತು ದಿನ ಅನ್ವಯಿಸುತ್ತದೆ ಎಂದು ವಿಜ್ಞಾನೇಶ್ವರ ತೀರ್ಮಾನಿಸುತ್ತಾನೆ. ಅಂಥ ವಸ್ತುಗಳು ಯಾವುವೆಂದು ಹೆಸರಿಸುತ್ತಾನೆ: ಮನೆ, ಹೊಲ, ವಾಹನ, ಶಯನ, ಆಸನ ಇತ್ಯಾದಿ. ಶಯನವೆಂದರೆ ಮಲಗುವ ಸಾಧನ, ಹಾಸಿಗೆ. ಒಂದೆರಡು ರಾತ್ರಿ ಮಲಗಿದರೆ ಅದು ಕರಗಿಹೋಗುವುದಿಲ್ಲ, ಮಲಗದೆ ಅದರ ಗುಣ ತಿಳಿಯುವುದೂ ಇಲ್ಲ. ಹೀಗೆ ಹಾಸಿಗೆ ಕೊಂಡವನಿಗೆ ಹತ್ತು ದಿನಗಳ ಗಡುವು ಸಿಕ್ಕಿತು.

ಮುಂದಿನ ಮಾತು ಇನ್ನೂ ಮುಖ್ಯ. ಇದೆಲ್ಲ ಪರೀಕ್ಷಿಸದೆ ಕೊಂಡ ವಸ್ತುವಿಗೆ ಮಾತ್ರ ಎಂದು ವಿಜ್ಞಾನೇಶ್ವರ ಸ್ಪಷ್ಟಪಡಿಸುತ್ತಾನೆ. ಚೆನ್ನಾಗಿ ಪರೀಕ್ಷಿಸಿ, ಹಿಂದಿರುಗಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡು ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲ. ಅಂದರೆ ಕೊಳ್ಳುವವನ ಚಂಚಲಬುದ್ಧಿಗೆ ಶಾಸ್ತ್ರ ಆಸರೆ ಕೊಡಲಿಲ್ಲ. ನೋಡದೆ ಕೊಂಡವನಿಗೆ ನೋಡುವ ಅವಕಾಶ ಕೊಟ್ಟಿತು, ಅಷ್ಟೆ.

ಇಷ್ಟರಿಂದ ಅಂದಿನ ಕಾಲವನ್ನು ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ರತ್ನಕ್ಕೆ ಏಳು ದಿನ ಎಂದ ಅದೇ ಶ್ಲೋಕದಲ್ಲಿ ಕೊಂಡುತಂದ ದಾಸನನ್ನು ಪರೀಕ್ಷಿಸಲು ಅರ್ಧ ತಿಂಗಳು, ದಾಸಿಯನ್ನು ಪರೀಕ್ಷಿಸಲು ಒಂದು ತಿಂಗಳು ಎಂದೂ ಇದೆ. ಮನುಷ್ಯರು ಎತ್ತು-ಹಸುಗಳ ಸಾಲಿನಲ್ಲಿ ಸರಕಾಗಿದ್ದ ಕಾಲ ಅದು. ಗ್ರಂಥದಲ್ಲಿರುವುದೆಲ್ಲ ಸಂತೆಯಲ್ಲಿ ನಡೆಯುತ್ತಿತ್ತೆಂದು ತಿಳಿಯುವುದೂ ತಪ್ಪಾದೀತು. ಆದರೂ ‘ಬಳಸಿ ನೋಡಿದ ಮೇಲೆ ತಿಳಿಯುವ ಗುಣ’ ಎಂಬುದೊಂದಿದೆ, ಅದಕ್ಕೆ ಕಾಲ ಕೊಡಬೇಕು ಎಂಬ ಸೂಕ್ಷ್ಮ ಆ ಪಂಡಿತರಿಗೆ ಹೊಳೆದಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಕೊಳ್ಳುವವನೇ ಎಚ್ಚರವಾಗಿರಲಿ

ಮಿತಾಕ್ಷರದ ಮುಂದಿನ ಕಥೆ ವಿಚಿತ್ರವಾಗಿದೆ. ಅದರ ದಾಯಭಾಗದ ಅಧ್ಯಾಯವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ. ಬಂಗಾಳ ಮುಂತಾದ ಕೆಲವು ಪ್ರದೇಶಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಬ್ರಿಟಿಷ್ ನ್ಯಾಯಾಲಯಗಳು ಆ ಗ್ರಂಥವನ್ನೇ ಆಧಾರವಾಗಿ ಹಿಡಿದವು. ಆದರೆ ಅದೇ ಗ್ರಂಥದ ಕೊಡುಕೊಳ್ಳುವಿಕೆಯ ಪ್ರಕರಣಕ್ಕೆ ಆ ಭಾಗ್ಯ ಇರಲಿಲ್ಲ. 1872ರ ಕರಾರು ಕಾಯಿದೆಯೊಂದಿಗೆ ವ್ಯಾಪಾರದ ವಿವಾದಗಳು ಇಂಗ್ಲೆಂಡಿನ ನ್ಯಾಯಸೂತ್ರಗಳ ವಶವಾದವು.

ಆ ಸೂತ್ರಗಳಲ್ಲಿ ಪ್ರಸಿದ್ಧವಾದದ್ದು ಲ್ಯಾಟಿನ್ ಭಾಷೆಯ ‘ಕೇವಿಯಟ್ ಎಂಪ್ಟರ್’. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅದರ ಅರ್ಥ. 1603ರ ಒಂದು ಮೊಕದ್ದಮೆ ಇದಕ್ಕೆ ಉದಾಹರಣೆ. ಲಂಡನ್ನಿನ ಅಕ್ಕಸಾಲಿಗನೊಬ್ಬ ವಿಷ ಇಳಿಸುವ ಬೆಜೋರ್ ಕಲ್ಲು ಇದು ಎಂದು ಹೇಳಿ ನೂರು ಪೌಂಡಿಗೆ ಒಂದು ಕಲ್ಲನ್ನು ಮಾರಿದ. ಅದು ಬೆಜೋರ್ ಕಲ್ಲಾಗಿರಲಿಲ್ಲ. ಆದರೂ ಕೊಂಡವನು ಸೋತ. ಮಾರುವವನು ‘ಇದು ಬೆಜೋರ್’ ಎಂದು ಹೇಳಿದ್ದನೇ ಹೊರತು ಅದಕ್ಕೆ ಖಾತರಿ ಕೊಟ್ಟಿರಲಿಲ್ಲ ಎಂಬುದು ನ್ಯಾಯಾಲಯದ ನಿಲುವು.

ಹಳ್ಳಿಯ ಸಂತೆಯಲ್ಲಿ, ಕಣ್ಣೆದುರಿನ ಸರಕನ್ನು ಮುಟ್ಟಿ ಮೂಸಿ ಕೊಳ್ಳುವಾಗ ಈ ಸೂತ್ರ ತಕ್ಕಮಟ್ಟಿಗೆ ನಡೆಯುತ್ತಿತ್ತು. ಕಾರ್ಖಾನೆಗಳು ಬಂದು, ಸರಕು ದೂರದಿಂದ ಕಟ್ಟುಕಟ್ಟಾಗಿ ಬರತೊಡಗಿದಾಗ ವ್ಯಾಪಾರ ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತಾಯಿತು. 1815ರಲ್ಲಿ ರೇಷ್ಮೆಯ ವ್ಯಾಪಾರದ ಮೊಕದ್ದಮೆಯೊಂದರಲ್ಲಿ ಲಾರ್ಡ್ ಎಲೆನ್‌ಬರೊ, ಕೊಳ್ಳುವವನು ಸರಕನ್ನು ತಿಪ್ಪೆಗೆ ಹಾಕಲೆಂದು ಕೊಳ್ಳುವುದಿಲ್ಲ, ಅದು ಮಾರುಕಟ್ಟೆಗೆ ತಕ್ಕ ಗುಣಮಟ್ಟದ್ದಾಗಿರಬೇಕು ಎಂದ. ಇಂಥ ತೀರ್ಪುಗಳ ಸಾರ ಇಂಗ್ಲೆಂಡಿನ 1893ರ ಸರಕು ಮಾರಾಟ ಕಾಯಿದೆಗೆ, ಅಲ್ಲಿಂದ 1930ರ ಜುಲೈ 1ರಂದು ಜಾರಿಗೆ ಬಂದ ಭಾರತದ ಸರಕು ಮಾರಾಟ ಕಾಯಿದೆಗೆ ಇಳಿದು ಬಂತು.

ಆ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ 16ನೆಯ ಕಲಂ ಮೂಲಸೂತ್ರವನ್ನು ಒಪ್ಪಿಕೊಂಡೇ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ತನಗೆ ಯಾವ ಉದ್ದೇಶಕ್ಕೆ ವಸ್ತು ಬೇಕೆಂದು ಕೊಳ್ಳುವವನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ ವಸ್ತು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕು. ‘ಬೆನ್ನು ನೋವಿದೆ, ಅದಕ್ಕೆ ಸರಿಹೊಂದುವ ಹಾಸಿಗೆ ಕೊಡಿ’ ಎಂದು ಕೇಳಿ ಅಂಗಡಿಯವನು ಆರಿಸಿಕೊಟ್ಟದ್ದನ್ನು ತಂದವನಿಗೆ ಈ ಕಲಂ ಆಸರೆ. ಆದರೆ ‘ಇಂಥ ಕಂಪನಿಯ ಇಂಥ ಹೆಸರಿನ ಹಾಸಿಗೆಯೇ ಬೇಕು’ ಎಂದು ಕೇಳಿ ತಂದರೆ ಆ ಆಸರೆ ತಪ್ಪುತ್ತದೆ. ಹೆಸರು ಹೇಳಿ ಕೊಂಡವನು ಅಂಗಡಿಯವನ ಪರಿಣತಿಯನ್ನು ನಂಬಲಿಲ್ಲ ಎಂಬುದು ಕಾನೂನಿನ ತರ್ಕ. ಜಾಹೀರಾತು ನೋಡಿ ಹೆಸರು ಹಿಡಿದು ಕೊಳ್ಳುವ ಕಾಲದಲ್ಲಿ ಇದು ಸಣ್ಣ ವಿನಾಯಿತಿಯಲ್ಲ.

ಪಿಂಜಾರನ ಬಿಲ್ಲು

1930ರ ಕಾಯಿದೆ ಬಂದಾಗ ಕರ್ನಾಟಕದ ಮನೆಗಳಲ್ಲಿ ಹಾಸಿಗೆಯ ವಿಷಯದಲ್ಲಿ ಕಾನೂನಿನ ಅಗತ್ಯ ಹೆಚ್ಚಾಗಿ ಬೀಳುತ್ತಿರಲಿಲ್ಲ. ಬಹಳ ಮಂದಿ ಮಲಗುತ್ತಿದ್ದುದು ಚಾಪೆ, ಕಂಬಳಿ, ಕೌದಿಗಳ ಮೇಲೆ. ಅನುಕೂಲವಿದ್ದವರಿಗೆ ಹತ್ತಿಯ ಹಾಸಿಗೆ, ಉತ್ತರ ಕರ್ನಾಟಕದ ಮಾತಿನಲ್ಲಿ ಗಾದಿ. ಅದನ್ನು ಮಾಡುತ್ತಿದ್ದವರು ಪಿಂಜಾರರು ಅಥವಾ ನದಾಫರು. ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಪಿಂಜಾರ ಬೀದಿಗೆ ಬಂದರೆ ಅದರ ಹುರಿಯ ಮಿಡಿತದಿಂದಲೇ ಊರಿಗೆ ತಿಳಿಯುತ್ತಿತ್ತು. ಮನೆಯ ಪಡಸಾಲೆಯಲ್ಲೋ ಅಂಗಳದಲ್ಲೋ ಕುಳಿತು ಆತ ಹತ್ತಿಯನ್ನು ಎಕ್ಕುತ್ತಿದ್ದ. ಹತ್ತಿ ಎಷ್ಟು ತೂಕ, ಹೊಸದೋ ಹಳೆಯದೋ, ಬೂರುಗದ್ದೋ ಹೊಲದ್ದೋ ಎಂಬುದೆಲ್ಲ ಮನೆಯವರ ಕಣ್ಣಮುಂದೆಯೇ ಇತ್ತು. ಇನ್ನಷ್ಟು ತುಂಬು, ಅಂಚು ಗಟ್ಟಿಯಾಗಿ ಹೊಲಿ ಎಂದು ಹೇಳಿಸಿಕೊಳ್ಳುತ್ತಲೇ ಹಾಸಿಗೆ ಸಿದ್ಧವಾಗುತ್ತಿತ್ತು. ವರ್ಷಗಳು ಕಳೆದು ಹತ್ತಿ ಗಂಟು ಕಟ್ಟಿದರೆ ಬಿಚ್ಚಿಸಿ, ಮತ್ತೆ ಎಕ್ಕಿಸಿ ಹೊಲಿಸಿದರಾಯಿತು.

ಇಲ್ಲಿ ಮಾಡುವವನಿಗೂ ಮಲಗುವವನಿಗೂ ನಡುವೆ ಮರೆ ಇರಲಿಲ್ಲ. ತಪ್ಪಿದರೆ ಮುಂದಿನ ವರ್ಷ ಆತ ಅದೇ ಬೀದಿಗೆ ಬರಲೇಬೇಕಿತ್ತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಸಿಗೆಗಳು, ಫೋಮ್ ಹಾಸಿಗೆಗಳು, ಸ್ಪ್ರಿಂಗ್ ಹಾಸಿಗೆಗಳು ಬಂದವು. ಪಿಂಜಾರನ ಬಿಲ್ಲು ಮೂಲೆ ಸೇರಿತು, ಆ ಕಸುಬನ್ನೇ ನಂಬಿದ್ದ ಅನೇಕ ಕುಟುಂಬಗಳು ಬೇರೆ ಕೂಲಿ ಹುಡುಕಿಕೊಂಡವು. ಹಾಸಿಗೆ ಈಗ ನಾಲ್ಕೂ ಕಡೆ ಹೊಲಿದು ಮುಚ್ಚಿದ, ಪ್ಲಾಸ್ಟಿಕ್ ಹೊದಿಸಿದ ಪೆಟ್ಟಿಗೆಯಂಥ ವಸ್ತು. ಒಳಗೇನಿದೆ ಎಂಬುದಕ್ಕೆ ಚೀಟಿಯ ಮೇಲಿನ ಮಾತೇ ಆಧಾರ. ಅಮೆರಿಕದ ಹಲವು ರಾಜ್ಯಗಳು ಈ ಸಮಸ್ಯೆಯನ್ನು 20ನೆಯ ಶತಮಾನದ ಆರಂಭದಲ್ಲೇ ಎದುರಿಸಿದ್ದವು. ಹೊಸ ಹಾಸಿಗೆಯೆಂದು ಹೇಳಿ ಹಳೆಯ ಚಿಂದಿ ತುಂಬಿ ಮಾರುವುದನ್ನು ತಡೆಯಲು, ಒಳಗೆ ತುಂಬಿದ್ದು ಏನೆಂದು ತಿಳಿಸುವ ಚೀಟಿಯನ್ನು ಹೊಲಿಯಲೇಬೇಕೆಂದು ಅವು ಕಾನೂನು ಮಾಡಿದವು. ಅಂಗಡಿಯವನು ಅದನ್ನು ಕೀಳುವಂತಿರಲಿಲ್ಲ. ಚೀಟಿ ಒಳಗಿನ ಹೂರಣವನ್ನು ಹೇಳಬಲ್ಲದು. ಮಲಗಿದಾಗ ಹಿತವಾಗುವುದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು.

ದೋಷವೋ, ಒಗ್ಗದಿರುವಿಕೆಯೋ?

ಗ್ರಾಹಕನೂ ಹಕ್ಕುಳ್ಳವನು ಎಂಬ ಮಾತಿಗೆ ಜಗತ್ತಿನಲ್ಲಿ ಬಲ ಬಂದದ್ದು 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ತಮ್ಮ ಸಂಸತ್ತಿಗೆ ಕಳಿಸಿದ ಸಂದೇಶದಿಂದ. ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಹೇಳಿಕೊಳ್ಳುವ ಅವಕಾಶ ಎಂಬ ನಾಲ್ಕು ಹಕ್ಕುಗಳನ್ನು ಅದು ಎತ್ತಿಹಿಡಿಯಿತು. 1985ರಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗಳನ್ನು ಅಂಗೀಕರಿಸಿತು. ಮರುವರ್ಷ, 1986ರ ಡಿಸೆಂಬರ್ 24ರಂದು, ಭಾರತದ ಗ್ರಾಹಕ ರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸಾಮಾನ್ಯ ಮನುಷ್ಯ ವಕೀಲರಿಲ್ಲದೆ, ತನ್ನ ಜಿಲ್ಲೆಯಲ್ಲೇ ದೂರು ಕೊಡುವ ಏರ್ಪಾಟು ಅದರಿಂದ ಆಯಿತು. ಅದರ ಸ್ಥಾನದಲ್ಲಿ ಈಗ ಇರುವುದು 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ.

ಈ ಕಾಯಿದೆಯ ಪ್ರಕಾರ ದೋಷವುಳ್ಳ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ರಸೀದಿಯಲ್ಲಿ ಅವಧಿ ನಮೂದಾಗಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನದೊಳಗೆ ಅದನ್ನು ಹಿಂದಕ್ಕೆ ಪಡೆಯಬೇಕು. ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿ ಕೈತೊಳೆದುಕೊಳ್ಳುವುದನ್ನು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ತಳ್ಳಿಹಾಕಿವೆ. ಅಂತರ್ಜಾಲದ ವ್ಯಾಪಾರಕ್ಕೆ 2020ರ ನಿಯಮಗಳು ಪ್ರತ್ಯೇಕವಾಗಿವೆ. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ.

ತೊಡಕಿರುವುದು ‘ದೋಷ’ ಎಂಬ ಪದದಲ್ಲಿ. ಸ್ಪ್ರಿಂಗ್ ಮುರಿದಿದ್ದರೆ, ನಡುಭಾಗ ಕುಸಿದಿದ್ದರೆ, ಹೇಳಿದ್ದಕ್ಕಿಂತ ದಪ್ಪ ಕಡಿಮೆಯಿದ್ದರೆ ಅದು ದೋಷವೇ. ನಾರು ಮತ್ತು ಫೋಮ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡಗಳಿವೆ. ಸಾಂದ್ರತೆ ಎಷ್ಟು, ಒತ್ತಿದ ಮೇಲೆ ಎಷ್ಟು ಮರಳಿ ಏಳುತ್ತದೆ ಎಂಬುದನ್ನು ಪ್ರಯೋಗಾಲಯ ಅಳೆಯಬಲ್ಲದು. ಆದರೆ ಎಲ್ಲ ಮಾನದಂಡಗಳಲ್ಲೂ ತೇರ್ಗಡೆಯಾದ ಹಾಸಿಗೆ ಒಬ್ಬರಿಗೆ ಸುಖನಿದ್ದೆ ತಂದು ಇನ್ನೊಬ್ಬರ ಬೆನ್ನು ಮುರಿಯಬಹುದು. ಅವರವರ ತೂಕ, ವಯಸ್ಸು, ಮಲಗುವ ಭಂಗಿ ಬೇರೆ ಬೇರೆ. ಹೀಗೆ ಒಗ್ಗದಿರುವುದು ಕಾನೂನಿನ ಕಣ್ಣಿನಲ್ಲಿ ತಾನಾಗಿಯೇ ದೋಷವಾಗುವುದಿಲ್ಲ. ಹಾಸಿಗೆಗಳ ಜೊತೆ ಬರುವ ಹತ್ತು ವರ್ಷ, ಹದಿನೈದು ವರ್ಷಗಳ ವಾರಂಟಿ ಪತ್ರಗಳೂ ಸಾಮಾನ್ಯವಾಗಿ ಕುಸಿತ, ಬಿರುಕು, ಹೊಲಿಗೆಗಳ ಮಾತನ್ನಷ್ಟೇ ಆಡುತ್ತವೆ. ಹಿತದ ಮಾತು ಅಲ್ಲಿರುವುದು ಅಪರೂಪ.

ಹಾಗೆಂದು ಗ್ರಾಹಕ ಬರಿಗೈಯಲ್ಲಿ ನಿಂತಿಲ್ಲ. ದೋಷವೆಂದರೇನು ಎಂಬ ವ್ಯಾಖ್ಯೆಯಲ್ಲೇ ಒಂದು ಬಾಗಿಲು ತೆರೆದಿದೆ. ಕಾನೂನು ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು ದೋಷ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದೂ ದೋಷ. 1986ರ ಕಾಯಿದೆಯಲ್ಲಿದ್ದ ಈ ಮಾತು 2019ರದರಲ್ಲೂ ಉಳಿದಿದೆ. ಹಾಸಿಗೆ ವ್ಯಾಪಾರ ನಡೆಯುವುದೇ ಹೇಳಿಕೆಗಳ ಮೇಲೆ: ಬೆನ್ನು ನೋವಿಗೆ ರಾಮಬಾಣ, ಮೂಳೆತಜ್ಞರು ಒಪ್ಪಿದ್ದು, ಎಂದಿಗೂ ತಗ್ಗು ಬೀಳದು. ಹೀಗೆ ಹೇಳಿ ಮಾರಿದ ಮೇಲೆ, ಹೇಳಿದಂತೆ ಇಲ್ಲವೆಂದು ತೋರಿಸಿದರೆ ಅದು ಬರೀ ಒಗ್ಗದಿರುವಿಕೆಯಾಗಿ ಉಳಿಯುವುದಿಲ್ಲ, ದೋಷವಾಗುತ್ತದೆ. 1603ರ ಅಕ್ಕಸಾಲಿಗ ‘ಬರೀ ಹೇಳಿದೆ, ಖಾತರಿ ಕೊಡಲಿಲ್ಲ’ ಎಂದು ಪಾರಾದ. ಇಂದಿನ ಭಾರತದಲ್ಲಿ ಆ ವಾದ ನಿಲ್ಲದು. ದಾರಿತಪ್ಪಿಸುವ ಜಾಹೀರಾತು ಕೊಟ್ಟ ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಇದೆ.

ಇದನ್ನು ಸಾಧಿಸಲು ದಾಖಲೆ ಬೇಕು. ರಸೀದಿ, ವಾರಂಟಿ ಪತ್ರ, ಜಾಹೀರಾತಿನ ಪ್ರತಿ, ಹಾಸಿಗೆಗೆ ಹೊಲಿದ ಚೀಟಿ, ತಗ್ಗು ಬಿದ್ದಿದ್ದರೆ ಅದರ ಛಾಯಾಚಿತ್ರ ಇವುಗಳನ್ನು ಜೋಪಾನ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಡಮಾಡಬಾರದು. ಯುಕ್ತ ಕಾಲ ಮೀರಿದರೂ ಬೇಡವೆಂದು ತಿಳಿಸದೆ ವಸ್ತುವನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡಂತೆಯೇ ಎಂದು 1930ರ ಕಾಯಿದೆಯ 42ನೆಯ ಕಲಂ ಹೇಳುತ್ತದೆ. ಆದ್ದರಿಂದ ದೂರನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಕೊಡುವುದು ಒಳಿತು. ಅದಕ್ಕೆ ಅಂಗಡಿಯವರು ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಂಡ ಊರಿನಲ್ಲೇ ದೂರು ಕೊಡಬೇಕೆಂದಿಲ್ಲ, ದೂರುದಾರ ವಾಸವಿರುವ ಊರಿನ ಆಯೋಗದಲ್ಲೂ ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಅದರ ಶುಲ್ಕವನ್ನು ದೂರುದಾರ ಮೊದಲು ಕಟ್ಟಬೇಕಾಗುತ್ತದೆ. ತೀರ್ಪಿಗೆ ಕಾಯಿದೆ ನಿಗದಿ ಮಾಡಿದ ಗುರಿ ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳು. ಗುರಿಯನ್ನು ದಾಟಿ ವರ್ಷಗಟ್ಟಲೆ ನಡೆಯುವ ಪ್ರಕರಣಗಳೂ ಉಂಟು.

ಲಕ್ಸೆಂಬರ್ಗ್‌ನ ಉತ್ತರ

ಜರ್ಮನಿಯ ಹಾಸಿಗೆಯ ವ್ಯಾಜ್ಯ ಈ ದೋಷದ ಗೋಜಿಗೇ ಹೋಗಲಿಲ್ಲ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನದ ಪ್ರಕಾರ, ಅಂಗಡಿಗೆ ಹೋಗದೆ ದೂರದಿಂದ ತರಿಸಿಕೊಂಡ ವಸ್ತುವನ್ನು 14 ದಿನದೊಳಗೆ ಯಾವ ಕಾರಣವನ್ನೂ ಹೇಳದೆ ಹಿಂದಿರುಗಿಸಬಹುದು. ಕಣ್ಣಾರೆ ನೋಡದೆ ಕೊಂಡವನಿಗೆ ನೋಡುವ ಅವಕಾಶ ಬೇಕೆಂಬುದೇ ಇದರ ಹಿಂದಿನ ವಿಚಾರ. ಅಂಗಡಿಗೇ ಹೋಗಿ ಕೊಂಡವರಿಗೆ ಈ ಹಕ್ಕಿಲ್ಲ. ಆರೋಗ್ಯ ಅಥವಾ ನೈರ್ಮಲ್ಯದ ಕಾರಣದಿಂದ ಮೊಹರು ಹಾಕಿ ಕಳಿಸಿದ ವಸ್ತುವಿನ ಮೊಹರು ಒಡೆದರೆ ಮಾತ್ರ ಹಿಂದಿರುಗಿಸುವಂತಿಲ್ಲ. ಹಾಸಿಗೆ ಈ ಅಪವಾದಕ್ಕೆ ಸೇರುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಸೇರುವುದಿಲ್ಲ ಎಂದು ನ್ಯಾಯಾಲಯ 2019ರ ಮಾರ್ಚ್ 27ರಂದು ತೀರ್ಪಿತ್ತಿತು. ಮೈಗೆ ತಾಗುವ ಮಾತ್ರಕ್ಕೆ ಹಾಸಿಗೆ ಕೆಟ್ಟುಹೋಗುವುದಿಲ್ಲ. ತೊಟ್ಟು ನೋಡಿದ ಬಟ್ಟೆಯನ್ನು ಹಿಂದಕ್ಕೆ ಪಡೆಯುವಂತೆ ಇದನ್ನೂ ಪಡೆದು, ಶುಚಿಗೊಳಿಸಿ ಮತ್ತೆ ಮಾರಬಹುದು. ಹೋಟೆಲುಗಳಲ್ಲಿ ಒಂದೇ ಹಾಸಿಗೆಯ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ಅತಿಥಿಗಳು ಮಲಗುವುದಿಲ್ಲವೇ ಎಂಬ ಉದಾಹರಣೆಯನ್ನೂ ನ್ಯಾಯಾಲಯ ಕೊಟ್ಟಿತು. ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚು ಬಳಸಿ ಬೆಲೆ ಇಳಿಸಿದರೆ ಆ ನಷ್ಟವನ್ನು ಮಾತ್ರ ಗ್ರಾಹಕ ತುಂಬಬೇಕು.

ಬಟ್ಟೆಯ ಹೋಲಿಕೆ, ಬಳಸಿದ್ದಕ್ಕೆ ತಕ್ಕಂತೆ ಬೆಲೆ ಮುರಿದುಕೊಳ್ಳುವ ಲೆಕ್ಕ, ಬಳಸಿದರೂ ನಾಶವಾಗದ ವಸ್ತು ಎಂಬ ತರ್ಕ, ನೋಡದೆ ಕೊಂಡವನಿಗೆ ಮಾತ್ರ ಎಂಬ ಮಿತಿ ಇವೆಲ್ಲ ನಾರದ, ವಿಜ್ಞಾನೇಶ್ವರರನ್ನು ಓದಿದವರಿಗೆ ಹೊಸವಲ್ಲ. ಲಕ್ಸೆಂಬರ್ಗ್‌ನ ನ್ಯಾಯಾಧೀಶರು ಮಿತಾಕ್ಷರವನ್ನು ನೋಡಿರಲಾರರು. ಆದರೂ ಎರಡೂ ಕಡೆ ಒಂದೇ ತೀರ್ಮಾನಕ್ಕೆ ಬಂದದ್ದು ಹಾಸಿಗೆಯ ಸ್ವಭಾವವೇ ಅಂಥದ್ದು ಎಂಬ ಕಾರಣದಿಂದ.

ಭಾರತದಲ್ಲಿ ಇಂದು, ದೋಷವಿಲ್ಲದ ಹಾಸಿಗೆ ಬರೀ ಹಿತವಾಗಲಿಲ್ಲವೆಂದು ಹಿಂದಿರುಗಿಸುವ ಹಕ್ಕನ್ನು ಯಾವ ಕಾನೂನೂ ನೇರವಾಗಿ ಕೊಟ್ಟಿಲ್ಲ. ಈಚಿನ ವರ್ಷಗಳಲ್ಲಿ ಕೆಲವು ಕಂಪನಿಗಳು ಮೂವತ್ತು ರಾತ್ರಿ, ನೂರು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸಿ ಎನ್ನುತ್ತಿವೆ. ‘ಒಪ್ಪಿದರೆ ಇಟ್ಟುಕೋ, ಇಲ್ಲದಿದ್ದರೆ ಹಿಂದಿರುಗಿಸು’ ಎಂಬ ಷರತ್ತಿನ ಮಾರಾಟವನ್ನು 1930ರ ಕಾಯಿದೆಯ 24ನೆಯ ಕಲಂ ಗುರುತಿಸುತ್ತದೆ. ಬರೆದು ಕೊಟ್ಟ ಮಾತಾದರೆ ಕಂಪನಿ ಅದಕ್ಕೆ ಬದ್ಧ. ಆದ್ದರಿಂದ ಹಣ ಕೊಡುವ ಮೊದಲೇ ಪ್ರಯೋಗದ ಅವಧಿ ಎಷ್ಟು, ಸಾಗಣೆಯ ಖರ್ಚು ಯಾರದು, ಹೊದಿಕೆ ತೆಗೆದರೆ ಷರತ್ತು ಮುರಿಯುತ್ತದೆಯೇ, ಹಣ ಮರಳುವುದೋ ಬದಲಿ ಹಾಸಿಗೆಯೋ ಎಂಬುದನ್ನು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳುವುದು ಜಾಣತನ. ಆದರೆ ಅಂಥ ಷರತ್ತನ್ನು ಕೊಡುವುದು, ಬಿಡುವುದು ಮಾರುವವನ ಇಷ್ಟ. ಮೂಲೆಯ ಅಂಗಡಿಯಿಂದ ಸಾಲ ಮಾಡಿ ಹಾಸಿಗೆ ತಂದ ಮನೆಗೆ ಅದು ಸಿಗದೆ ಹೋಗಬಹುದು.

ಮಿತಾಕ್ಷರದ ಆಸ್ತಿ ಹಂಚಿಕೆಯ ಅಧ್ಯಾಯವನ್ನು ನ್ಯಾಯಾಲಯಗಳು ಎರಡು ಶತಮಾನ ಹಾಳೆ ಹಾಳೆಯಾಗಿ ಓದಿವೆ. ಅದೇ ಗ್ರಂಥದಲ್ಲಿ ಶಯನ, ಆಸನಗಳ ಹೆಸರು ಹೇಳಿ ಹತ್ತು ದಿನ ಕೊಟ್ಟ ಸಾಲನ್ನು ಓದಿದವರು ಕಡಿಮೆ. ಕಾಯಿದೆಯನ್ನು ಮತ್ತೆ ತಿದ್ದುವ ಕಾಲ ಬಂದಾಗ ಯುರೋಪಿನ ಹದಿನಾಲ್ಕು ದಿನಗಳ ಜೊತೆಗೆ ಕಲ್ಯಾಣದ ಹತ್ತು ದಿನಗಳನ್ನೂ ಯಾರಾದರೂ ಮೇಜಿನ ಮೇಲೆ ಇಡಬಹುದು.